ಅಂಬವ್ವ ಕದಿರು ನೋಡಿದ್ದು

ಪಾರ್ಸಲ್ಲು ಸೋಮವಾರ ಬೆಳಿಗ್ಗೆಯೇ ಬಂತು. ಥರ್ಮಾಕೋಲಿನ ಪೆಟ್ಟಿಗೆ ನೋಡಲು ದೊಡ್ಡದು. ಒಳಗಿದ್ದದ್ದೆಲ್ಲ ಐಸ್ ಪ್ಯಾಕುಗಳು, ಅವುಗಳ ನಡುವೆ ಕಿರುಬೆರಳಿನ ತುದಿಯಷ್ಟು ಪುಟ್ಟ ನಳಿಕೆ. ರಶ್ಮಿ ಅದನ್ನು ಕಿಟಕಿಯ ಕಡೆ ಎತ್ತಿ ಹಿಡಿದು ಎಷ್ಟಿದೆ ಎಂದು ನೋಡತೊಡಗಿದಾಗ ಸುವರ್ಣಾ ಕುಳಿತಲ್ಲಿಂದಲೇ ಕೂಗಿದಳು.

"ಬೆಳಕಿಗೆ ಹಿಡೀಬ್ಯಾಡವ್ವ, ಹೊಳಪು ಹೋಗ್ತದ ಅದರದು."

ರಶ್ಮಿ ನಾಲಿಗೆ ಕಚ್ಚಿಕೊಂಡು ನಳಿಕೆಗೆ ಬೆಳ್ಳಿಹಾಳೆ ಸುತ್ತಿ ಐಸಿನಲ್ಲಿಟ್ಟಳು. ರಾಯಚೂರಿನ ಹುಡುಗಿ, ಸುವರ್ಣಾಳ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು. ಹೈದರಾಬಾದಿನ ಆ ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡುವವರು. ಇವರಿಬ್ಬರು ಮಾತ್ರ ಬೇರೆ ಯಾರೂ ಇಲ್ಲದಾಗ ಊರ ಕನ್ನಡಕ್ಕೆ ಇಳಿಯುತ್ತಿದ್ದರು. ಸುವರ್ಣಾಗೆ ನಿವೃತ್ತಿ ಹತ್ತಿರವಾಗಿತ್ತು. ರಶ್ಮಿಯೇ ಅವಳ ಕೊನೆಯ ವಿದ್ಯಾರ್ಥಿನಿ.

ನಳಿಕೆಯಲ್ಲಿದ್ದದ್ದು ಒಂದು ಪ್ರತಿಕಾಯ, ಲ್ಯಾಬಿನವರ ಬಾಯಲ್ಲಿ ಆಂಟಿಬಾಡಿ. ನಮ್ಮ ಒಂದೊಂದು ಜೀವಕೋಶದೊಳಗೂ ಸಾವಿರಾರು ಬಗೆಯ ಪ್ರೋಟೀನುಗಳಿರುತ್ತವೆ. ಈ ಆಂಟಿಬಾಡಿ ಅವುಗಳಲ್ಲಿ ಟ್ಯೂಬ್ಯುಲಿನ್ ಎಂಬ ಒಂದನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ. ಟ್ಯೂಬ್ಯುಲಿನ್ ಸಾಲುಗಟ್ಟಿ ಎಳೆಯಾಗುತ್ತದೆ, ಎಳೆಗಳು ಕೋಶಕ್ಕೆ ಹಂದರವಾಗುತ್ತವೆ. ಕೋಶ ಒಡೆದು ಎರಡಾಗುವ ಹೊತ್ತು ಬಂದಾಗ ಆ ಹಂದರ ಬಿಚ್ಚಿಕೊಂಡು ನೂಲುವ ಕದಿರಿನ ಆಕಾರ ತಾಳುತ್ತದೆ, ವರ್ಣತಂತುಗಳನ್ನು ಎರಡು ಪಾಲು ಮಾಡಿ ಎರಡು ತುದಿಗೆ ಎಳೆಯುತ್ತದೆ. ಪಠ್ಯಪುಸ್ತಕದಲ್ಲೂ ಅದಕ್ಕೆ ಕದಿರು ಎಂದೇ ಹೆಸರು. ಆಂಟಿಬಾಡಿಗೆ ಹೊಳೆಯುವ ಬಣ್ಣ ಅಂಟಿಸಿದ್ದರೆ ಆ ಕದಿರು ಸೂಕ್ಷ್ಮದರ್ಶಕದಲ್ಲಿ ದೀಪ ಹಚ್ಚಿದಂತೆ ಕಾಣುತ್ತದೆ. ಕಂಪನಿಯವರು ಹಸಿರು ಬಣ್ಣ ಅಂಟಿಸಿಯೇ ಕಳಿಸಿದ್ದರು.

ಸಂಜೆಯೊಳಗೆ ರಶ್ಮಿ ಕೆಲಸ ಮುಗಿಸಿದಳು. ಸೂಕ್ಷ್ಮದರ್ಶಕದ ಕತ್ತಲೆ ಕೋಣೆಯ ಪರದೆಯ ಮೇಲೆ ಕೋಶಗಳು ಮೂಡಿದವು. ಒಂದರಲ್ಲಿ ಹಸಿರು ಕದಿರು, ಅದರ ನಡುವೆ ಅಡ್ಡಕ್ಕೆ ನೀಲಿ ವರ್ಣತಂತುಗಳ ಸಾಲು.

"ಎಷ್ಟ ಚಂದ ಬಂದೈತ್ರಿ ಮೇಡಂ! ಒಂದ ಸಲಕ್ಕ ಬಂತು!"

"ಚಂದ ಐತಿ," ಎಂದಳು ಸುವರ್ಣಾ. ಅಷ್ಟೇ ಹೇಳಿ, ರಶ್ಮಿ ಸ್ಲೈಡುಗಳನ್ನು ಎತ್ತಿಟ್ಟುಕೊಂಡು ಹೊರಟ ಮೇಲೂ ಆ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದಳು. ಇಂಥದೊಂದು ಹಸಿರನ್ನು ಕಾಣಲು ಅವಳು ಹರೆಯದ ವರ್ಷಗಳನ್ನೇ ಸುರಿದಿದ್ದಳು.

ಮಲ್ಕಾಜ್‌ಗಿರಿಯ ಮನೆ ಸೇರಿದಾಗ ಅವ್ವ ಅಂಬವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಟಿ.ವಿ. ನೋಡುತ್ತಿದ್ದಳು. ವಯಸ್ಸು ಎಂಬತ್ತರ ಹತ್ತಿರ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ಎಲ್ಲವೂ ಹೊಸದಾಗಿ ಕಾಣುತ್ತಿತ್ತು, ಗೋಡೆಯ ಮೇಲಿನ ಕೊಳೆ ಕೂಡ.

"ಇವತ್ತ ಲ್ಯಾಬಿಗೆ ಹೊಸಾದು ಬಂತವ್ವಾ, ಹಸಿರು ಬಣ್ಣದ್ದು. ರಶ್ಮಿ ಒಂದ ದಿನದಾಗ ಮಾಡಿ ತೋರಿಸಿದ್ಲು."

"ಯಾವ್ದು? ನಿಮ್ಮಪ್ಪ ಬಂದು ನೋಡಿದ್ರಲ್ಲ, ಅದೇನು?"

"ಅದ."

ಅಂಬವ್ವ ಟಿ.ವಿ.ಯ ಸದ್ದು ಕಡಿಮೆ ಮಾಡಿದಳು. "ನೀ ರಿಟೈರ್ ಆಗೂ ಮುಂಚೆ ನನಗೂ ಒಮ್ಮೆ ತೋರಸು. ಆಮ್ಯಾಲೆ ನಿನ್ನನ್ನ ಒಳಗ ಬಿಡ್ತಾರೋ ಇಲ್ಲೋ."

ಸುವರ್ಣಾ ಚೀಲವನ್ನು ಕೈಯಲ್ಲಿ ಹಿಡಿದೇ ನಿಂತಳು. ಅವಳು ಅಲ್ಲಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ಅವ್ವ ಒಮ್ಮೆಯೂ ಆ ಸಂಸ್ಥೆಯ ಗೇಟು ದಾಟಿರಲಿಲ್ಲ. ದಾಟುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಳು. ಅದಕ್ಕೆ ಕಾರಣವೂ ಇತ್ತು.

ಸುವರ್ಣಾಳ ತಂದೆ ಅಮರೇಶಪ್ಪನವರು ಯಾದಗಿರಿ ಕಡೆಯವರು. ಲಾಲಾಗುಡದ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ, ಹೆಂಡತಿಯನ್ನು ಕರೆತಂದು ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿದ್ದರು. ಲಿಂಗಾಯತರ ಮನೆ. ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ, ಅದಾದ ಮೇಲೆಯೇ ಚಹಾ. ಓಣಿಯಲ್ಲಿ ಯಾರಾದರೂ ಮೀನು ಹುರಿದರೆ ಅಂಬವ್ವ ಕಿಟಕಿ ಮುಚ್ಚಿ ಊದಿನಕಡ್ಡಿ ಹಚ್ಚುತ್ತಿದ್ದಳು. ಒಬ್ಬಳೇ ಮಗಳು ನಾರಾಯಣಗೂಡದ ಕಾಲೇಜಿನಲ್ಲಿ ಓದಿ, ಎಂ.ಎಸ್ಸಿ. ಮುಗಿಸಿ, ತೊಂಬತ್ತರ ದಶಕದ ಶುರುವಿನಲ್ಲಿ ಸಂಶೋಧನೆಗೆ ಸೇರಿದಾಗ ಅಂಬವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಸುವರ್ಣಾಗೆ ಗೈಡ್ ಆಗಿ ಸಿಕ್ಕವರು ರಾಮಕೃಷ್ಣ ಸರ್. ಗುಂಟೂರಿನವರು. ಮಾತು ಮೆತ್ತಗೆ, ಹಟ ಮಾತ್ರ ಗಟ್ಟಿ. ಆ ಕಾಲದಲ್ಲಿ ಇಂಥ ಆಂಟಿಬಾಡಿ ಹೊರದೇಶದಿಂದಲೇ ಬರಬೇಕಿತ್ತು. ತಿಂಗಳುಗಟ್ಟಲೆ ಕಾದು, ವಿಮಾನದಿಂದ ಇಳಿದದ್ದನ್ನು ಬಿಡಿಸಿಕೊಂಡು ತರುವಷ್ಟರಲ್ಲಿ ಐಸೆಲ್ಲ ಕರಗಿ ಒಳಗಿನದು ಕೆಟ್ಟಿರುತ್ತಿತ್ತು. ಎರಡನೇ ಸಲವೂ ಹಾಗೆಯೇ ಆದಾಗ ರಾಮಕೃಷ್ಣ ಸರ್ ಪೆಟ್ಟಿಗೆ ಮುಚ್ಚಿ, "ನಾವೇ ಮಾಡೋಣಮ್ಮಾ," ಎಂದರು.

ಶುದ್ಧ ಟ್ಯೂಬ್ಯುಲಿನ್ ತಯಾರಿಸಿ ಮೊಲಕ್ಕೆ ಚುಚ್ಚಬೇಕು. ಮೊಲದ ಮೈ ಅದನ್ನು ಹೊರಗಿನದೆಂದು ತಿಳಿದು ಆಂಟಿಬಾಡಿ ತಯಾರಿಸುತ್ತದೆ. ಕಿವಿಯ ನರದಿಂದ ಸ್ವಲ್ಪ ರಕ್ತ ತೆಗೆದು, ಅದರಲ್ಲಿನ ಆಂಟಿಬಾಡಿಯನ್ನು ಬೇರೆ ಮಾಡಿ, ಬಣ್ಣ ಅಂಟಿಸಬೇಕು. ಆದರೆ ಟ್ಯೂಬ್ಯುಲಿನ್ ಎಲ್ಲಿಂದ ತರುವುದು?

"ಮಿದುಳಿನಲ್ಲಿ ಬೇಕಾದಷ್ಟಿರುತ್ತದೆ," ಎಂದರು ಸರ್. "ಆಡಿನ ಮಿದುಳು. ಕಡಿದ ಕೂಡಲೇ ಐಸಿಗೆ ಹಾಕಬೇಕು. ತಡವಾದರೆ ಏನೂ ಸಿಗುವುದಿಲ್ಲ."

ಸಂಸ್ಥೆಯ ಜೀಪು ಸಿಗುವುದು ಆಫೀಸು ತೆರೆದ ಮೇಲೆ. ಕಸಾಯಿಯವರು ಕಡಿಯುವುದು ಬೆಳಕು ಹರಿಯುವ ಮುಂಚೆ. ಸುವರ್ಣಾ ಮನೆಯಲ್ಲಿ ಪ್ರಯೋಗ ಬೇಗ ಶುರುವಾಗುತ್ತದೆ ಎಂದಷ್ಟೇ ಹೇಳಿ, ಮಬ್ಬಿನಲ್ಲೇ ಐಸಿನ ಡಬ್ಬಿ ಹಿಡಿದು ಕಾಚಿಗೂಡ ದಾಟಿ, ಅಂಬರ್‌ಪೇಟೆ ಕಡೆಯ ಕಸಾಯಿ ಗಲ್ಲಿಗೆ ಹೋದಳು. ಖಾಜಾ ಮಿಯಾ ಎಂಬ ಕಸಾಯಿಯವನ ಅಂಗಡಿಯ ಮುಂದೆ ಮೂಗಿಗೆ ದುಪಟ್ಟಾ ಒತ್ತಿಕೊಂಡು ನಿಂತುಬಿಟ್ಟಳು. ದಾರಿ ತಪ್ಪಿ ಬಂದಿದ್ದಾಳೆಂದುಕೊಂಡು, ಏನು ಬೇಕೆಂದು ಖಾಜಾ ಮಿಯಾನೇ ಕೇಳಿದ.

"ಕ್ಯಾ ಹೋನಾ ಬೇಟಾ?"

"ಭೇಜಾ ಹೋನಾ. ಏಕದಂ ತಾಜಾ."

"ಪಕಾನೇ ಕೋ?" ಅಡಿಗೆಗೇನು ಎಂದು ಕೇಳಿದ.

"ನಕ್ಕೋ. ಪಢಾಯೀ ಕೋ."

ಖಾಜಾ ಮಿಯಾ ಒಂದು ಗಳಿಗೆ ಅವಳನ್ನು ನೋಡಿ, ಆಮೇಲೆ ಗಲ್ಲಿಯೇ ತಿರುಗಿ ನೋಡುವಂತೆ ನಕ್ಕ. "ಸಚ್ ಬಾತ್! ಪಢಾಯೀ ಕೋ ಭೇಜಾ ತೋ ಹೋನಾಚ್!" ಓದಲಿಕ್ಕೆ ಮಿದುಳಂತೂ ಬೇಕೇ ಬೇಕಲ್ಲ ಎಂದು ಪಕ್ಕದ ಅಂಗಡಿಯವರಿಗೂ ಹೇಳಿ ಹೇಳಿ ನಕ್ಕ. ಸುವರ್ಣಾಗೂ ನಗು ಬಂತು. ಡಬ್ಬಿ ತುಂಬಿಸಿಕೊಂಡು ಗಲ್ಲಿಯ ತಿರುವಿಗೆ ಬಂದಾಗ ವಾಂತಿಯೂ ಬಂತು. ಆದರೆ ಡಬ್ಬಿಯನ್ನು ಮಾತ್ರ ಕೆಳಗಿಡಲಿಲ್ಲ.

ಹೀಗೆ ಕೆಲವು ವಾರ ನಡೆಯಿತು. ಲ್ಯಾಬಿನಲ್ಲಿಯೇ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಅವಳು ಮನೆಗೆ ಬರುತ್ತಿದ್ದಳು. ಆಮೇಲೆ ಒಂದು ದಿನ ಕಾಶಿನಾಥನ ಕಣ್ಣಿಗೆ ಬಿದ್ದಳು. ಅವನು ಅಂಬವ್ವನಿಗೆ ದೂರದ ಸಂಬಂಧದಲ್ಲಿ ತಮ್ಮ. ಸುವರ್ಣಾಗೆ ಸೇಡಂನ ಒಂದು ವ್ಯಾಪಾರಸ್ಥರ ಮನೆಯ ವರವನ್ನು ಗೊತ್ತು ಮಾಡಲು ಓಡಾಡುತ್ತಿದ್ದವನು. ಕಾಚಿಗೂಡದಲ್ಲಿ ರೈಲಿಳಿದು ಆಟೋದಲ್ಲಿ ಬರುವಾಗ ಗಲ್ಲಿಯ ಬಾಯಲ್ಲಿ ಅವಳನ್ನು ನೋಡಿದ. ನೆಟ್ಟಗೆ ಮಲ್ಕಾಜ್‌ಗಿರಿಗೆ ಬಂದು, ಚಪ್ಪಲಿ ಬಿಡುವ ಮುಂಚೆಯೇ ಹೇಳಿದ.

"ಅಂಬಕ್ಕಾ, ನಿನ್ನ ಮಗಳನ್ನ ಕಸಾಬರ ಗಲ್ಲ್ಯಾಗ ನೋಡಿ ಬಂದೀನಿ. ಕೈಯಾಗ ಡಬ್ಬಿ. ಅವರ ಜೋಡಿ ನಕ್ಕೋತ ನಿಂತಿದ್ಲು."

ಸಂಜೆ ಸುವರ್ಣಾ ಬಂದಾಗ ಅಂಬವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ಅಲ್ಲೇ ನಿಂದ್ರು. ಒಳಗ ಬರಬ್ಯಾಡ. ಆ ಗಲ್ಲೀಗೆ ಹೋಗಿದ್ದಿ ಹೌದಿಲ್ಲೋ?"

ಸುವರ್ಣಾ ಅಂಗಳದಲ್ಲೇ ನಿಂತು ಇದ್ದದ್ದನ್ನೆಲ್ಲ ಹೇಳಿದಳು. ಮಿದುಳು, ಮೊಲ, ಕಿವಿಯ ರಕ್ತ, ಹಸಿರು ಬಣ್ಣ. ಹೇಳಿದಷ್ಟೂ ಕೆಟ್ಟದಾಗಿ ಕೇಳಿಸುತ್ತಿತ್ತು.

"ತಲೀ ಒಡದು ಮಿದುಳು ತರಾಕಂತ ನಿನ್ನ ಓದಿಸಿದ್ವೇನು?" ಅಂಬವ್ವ ಬಾಗಿಲಿಗೆ ಅಡ್ಡ ಕೈ ಇಟ್ಟಳು. "ಕೊಳ್ಳಾಗಿನ ಲಿಂಗಕ್ಕರೆ ಅಂಜಬೇಕಿಲ್ಲೋ?"

"ಕ್ಯಾನ್ಸರ್ ಅಂದ್ರ ಕೋಶ ಅಡ್ಡಾದಿಡ್ಡಿ ಒಡೆಯೂದವ್ವಾ. ಅದು ಹೆಂಗ ಒಡೀತದ ಅಂತ ನೋಡಬೇಕಂದ್ರ..."

"ನನಗೇನೂ ಹೇಳಬ್ಯಾಡ."

ಅಂಬವ್ವ ಬಕೆಟ್ಟಿನ ನೀರನ್ನು ಮಗಳ ತಲೆಯ ಮೇಲೆ ಸುರಿದು ಒಳಗೆ ಹೋದಳು. ಅಂದು ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಅಮರೇಶಪ್ಪನವರು ಹೊರಸಿನ ಮೇಲೆ ಕೂತು ನೆಲ ನೋಡುತ್ತಿದ್ದರೇ ಹೊರತು ಆ ಕಡೆಗೂ ಈ ಕಡೆಗೂ ಒಂದು ಮಾತಾಡಲಿಲ್ಲ. ಸೇಡಂನ ಸಂಬಂಧ ಅಲ್ಲಿಗೆ ಮುರಿಯಿತು. ಸುವರ್ಣಾಗೆ ಅದರ ದುಃಖವಾಗಲಿಲ್ಲ. ಅವ್ವನ ಮುಖ ನೋಡಿ ಮಾತ್ರ ಅವಳ ಎದೆ ಒಡೆದಿತ್ತು. ತನ್ನಿಂದ ಇದು ಆಗುವುದಿಲ್ಲ, ಬೇರೆ ವಿಷಯ ಕೊಡಿ ಎಂದು ಸರ್‌ಗೆ ಹೇಳಿಬಿಡುವುದೆಂದು ನಿಶ್ಚಯಿಸಿ ಮಲಗಿದಳು.

ಮರುದಿನ ಮಬ್ಬಿನಲ್ಲಿ ರೂಢಿಯಂತೆ ಎಚ್ಚರವಾಯಿತು. ಹೊರಗೆ ಸ್ಕೂಟರಿನ ಸ್ಟ್ಯಾಂಡು ತೆಗೆದ ಸದ್ದು ಕೇಳಿ ಎದ್ದು ಬಂದರೆ ಅಂಗಳದಲ್ಲಿ ಅಮರೇಶಪ್ಪನವರು ಸ್ಕೂಟರ್ ಹಿಡಿದು ನಿಂತಿದ್ದರು. ಮಫ್ಲರ್ ಸುತ್ತಿದ್ದರು. ಹಣೆಯಲ್ಲಿ ವಿಭೂತಿ.

"ಡಬ್ಬಿ ತಗೊಂಡ್ಯೇನು?"

"ಅಪ್ಪಾ, ನೀವು ಎದಕ..."

"ಹತ್ತು. ಹೊತ್ತಾದ್ರ ಕೆಡ್ತದಂತಲ್ಲ."

ಬಿಟ್ಟುಬಿಡುತ್ತೇನೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಡಬ್ಬಿ ತಂದು ಹಿಂದೆ ಕೂತಳು.

ಆ ಮೊದಲ ದಿನ ಅಮರೇಶಪ್ಪನವರು ಗಲ್ಲಿಯ ಎದುರಿನ ಚಹಾದ ಅಂಗಡಿಯ ಹತ್ತಿರ ಸ್ಕೂಟರ್ ನಿಲ್ಲಿಸಿ, ಗಲ್ಲಿಗೆ ಬೆನ್ನು ಮಾಡಿ ನಿಂತರು. ಚಹಾ ಕೂಡ ಕುಡಿಯಲಿಲ್ಲ. ಮಗಳು ಬಂದು ಡಬ್ಬಿಯನ್ನು ಕಾಲ ಬಳಿ ಇಟ್ಟಾಗ ಪಂಚೆಯ ಅಂಚು ತಾಗದಂತೆ ಎತ್ತಿಕೊಂಡರು. ಆದರೆ ಗುಂಡಿ ಬಂದಲ್ಲೆಲ್ಲ ಸ್ಕೂಟರನ್ನು ಹಗುರಕ್ಕೆ ಇಳಿಸುತ್ತ, "ಅಲ್ಲಾಡಿದ್ರ ನಡೀತೈತೇನು?" ಎಂದು ಕೇಳುತ್ತಲೇ ಬಂದರು. ಮಗಳನ್ನು ಲ್ಯಾಬಿನ ಬಾಗಿಲಿಗೆ ಬಿಟ್ಟು ಮನೆಗೆ ಹೋಗಿ ಮತ್ತೆ ಸ್ನಾನ, ಮತ್ತೆ ಪೂಜೆ, ಆಮೇಲೆ ವರ್ಕ್‌ಶಾಪು.

ಚಳಿ ಬರುವ ಹೊತ್ತಿಗೆ ಅವರು ಅಲ್ಲಿ ಚಹಾ ಕುಡಿಯಲು ಶುರು ಮಾಡಿದ್ದರು. ಒಂದು ದಿನ ಖಾಜಾ ಮಿಯಾ ಕೈ ತೊಳೆದುಕೊಂಡು ಬಂದು ಮಾರುದೂರದಲ್ಲಿ ನಿಂತು ಸಲಾಂ ಮಾಡಿದ. ಅವನ ಅಕ್ಕನನ್ನು ವಾಡಿ ಜಂಕ್ಷನ್ನಿನ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಆ ದಾರಿಯ ರೈಲುಗಳು ಯಾಕೆ ಹೀಗೆ ತಡವಾಗಿ ಬರುತ್ತವೆ ಎಂದು ಅವನಿಗೆ ರೈಲ್ವೆಯವರನ್ನೇ ಕೇಳಬೇಕಾಗಿತ್ತು. ಅಮರೇಶಪ್ಪನವರು ರೈಲಿನ ವಿಷಯ ಎತ್ತಿದರೆ ನಿಲ್ಲಿಸುವವರಲ್ಲ. ಸುವರ್ಣಾ ಡಬ್ಬಿ ಹಿಡಿದು ಬಂದು, "ಅಪ್ಪಾ, ಐಸು ಕರಗಾಕತ್ತೈತಿ," ಎಂದು ಎಬ್ಬಿಸಬೇಕಾಯಿತು. ಅವರು ಗಲ್ಲಿಗೆ ಬೆನ್ನು ಮಾಡಿ ನಿಲ್ಲುವುದನ್ನು ಯಾವಾಗ ಬಿಟ್ಟರೋ, ಅವಳು ಗಮನಿಸಲೇ ಇಲ್ಲ.

ಟ್ಯೂಬ್ಯುಲಿನ್ ಸಿಕ್ಕಿತು, ಮೊಲಗಳು ಮಾತ್ರ ಕೈ ಕೊಟ್ಟವು. ಆಡಿನ ಟ್ಯೂಬ್ಯುಲಿನ್ನಿಗೂ ಮೊಲದ ಟ್ಯೂಬ್ಯುಲಿನ್ನಿಗೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾಗಿ ಮೊಲದ ಮೈಗೆ ಅದು ಹೊರಗಿನದು ಅನ್ನಿಸುವುದೇ ಕಷ್ಟ. ಪ್ರಾಣಿಗಳ ಮನೆ ನೋಡಿಕೊಳ್ಳುತ್ತಿದ್ದ ಸುರಪುರದ ಗೊಲ್ಲಾಳಪ್ಪ ಮೊಲಗಳಿಗೆಲ್ಲ ಹೆಸರಿಟ್ಟಿದ್ದ. ಅವುಗಳಲ್ಲಿ ಮೈ ತುಂಬಿಕೊಂಡು, ಮೇವಿನ ಬುಟ್ಟಿಯ ಮುಂದೆ ಸಿರಿವಂತರ ಮನೆಯೊಡತಿಯಂತೆ ಠೀವಿಯಿಂದ ಕೂರುತ್ತಿದ್ದ ಒಂದನ್ನು ಸಾವುಕಾರ್ತಿ ಎನ್ನುತ್ತಿದ್ದ. ಕೊನೆಗೆ ಆಂಟಿಬಾಡಿ ಕೊಟ್ಟದ್ದು ಸಾವುಕಾರ್ತಿಯೊಂದೇ.

ಮನೆಯಲ್ಲಿ ಅಂಬವ್ವ ಈ ವಿಷಯ ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ ರೊಟ್ಟಿ ತಟ್ಟುತ್ತಾ, ಮುಖ ತಿರುಗಿಸದೆ, "ಆ ಮೊಲ ಸಾಯ್ತೈತೇನು?" ಎಂದು ಕೇಳಿದಳು.

"ಇಲ್ಲವ್ವಾ. ಕಿವಿಯಾಗಿಂದ ಒಂದೀಟು ತಗೀತೀವಿ. ಆಮ್ಯಾಲೆ ಆರಾಮ ಇರ್ತದ."

ಮರುದಿನ ಸ್ಕೂಟರಿನ ಹಿಡಿಗೆ ಒಂದು ಕೈಚೀಲ ತೂಗ ಹಾಕಿತ್ತು. ಒಳಗೆ ಗಜ್ಜರಿ, ರಾಜಗಿರಿ ಸೊಪ್ಪು, ಕೊತ್ತಂಬರಿ. ಗೊಲ್ಲಾಳಪ್ಪ ತಲೆ ಕೆರೆದುಕೊಂಡ. "ಹೊರಗಿನ ಸೊಪ್ಪು ಹಾಕಂಗಿಲ್ರೀ ಯಕ್ಕಾ, ಡಾಕ್ಟ್ರು ಬೈತಾರ." ತಿರುಗಿ ಮನೆಗೆ ಒಯ್ಯುವ ಧೈರ್ಯ ಸುವರ್ಣಾಗಿರಲಿಲ್ಲ. ಚೀಲ ಗೊಲ್ಲಾಳಪ್ಪನ ಮನೆಗೆ ಹೋಯಿತು. ಸಂಜೆ ಅಂಬವ್ವ, "ತಿಂತೇನು?" ಎಂದಳು. "ಎಲ್ಲಾ ತಿಂತು," ಎಂದಳು ಸುವರ್ಣಾ. ಅಂದಿನಿಂದ ಆ ಚೀಲ ವಾರವಾರವೂ ಬರತೊಡಗಿತು, ಗೊಲ್ಲಾಳಪ್ಪನ ಹೆಂಡತಿ ಪಲ್ಯ ಮಾಡುತ್ತಿದ್ದಳು.

ಬಣ್ಣ ಅಂಟಿಸಿ ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ ಸುವರ್ಣಾಗೆ ಕಂಡದ್ದು ಹಸಿರು ಮಂಜು. ಎಳೆಯಿಲ್ಲ, ಕದಿರಿಲ್ಲ, ಇಡೀ ಕೋಶವೇ ಒಂದೇ ಸಮ ಹಸಿರು. ಸಾವುಕಾರ್ತಿಯ ರಕ್ತದಲ್ಲಿದ್ದ ಬೇರೆ ಆಂಟಿಬಾಡಿಗಳೂ ಬಣ್ಣ ಹೊತ್ತುಕೊಂಡು ಸಿಕ್ಕಸಿಕ್ಕಲ್ಲಿ ಅಂಟಿದ್ದವು. ಎರಡು ವರ್ಷದ ದುಡಿಮೆ. ಅವಳು ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಳು. ಸಂಜೆ ಕರೆದೊಯ್ಯಲು ಬಂದ ಅಮರೇಶಪ್ಪನವರು ಸ್ಕೂಟರ್ ನಿಲ್ಲಿಸಿ ಪಕ್ಕದಲ್ಲಿ ಕೂತರು. ಅವಳು ಹೇಳಿದ್ದನ್ನು ಕೊನೆಯವರೆಗೂ ಕೇಳಿದರು. ಎಷ್ಟು ಅರ್ಥವಾಯಿತೋ ಏನೋ.

"ಸರ್ ಏನಂತಾರ?"

"ಬರೇ ಟ್ಯೂಬ್ಯುಲಿನ್ನಿಗೆ ಹಿಡಿಯೂವಷ್ಟನ್ನ ಸೋಸಿ ತಗೀಬೇಕಂತಾರ. ಅಂದ್ರ ಇನ್ನೂ ಟ್ಯೂಬ್ಯುಲಿನ್ ಬೇಕು. ಮತ್ತ ಮೊದಲಿಂದ."

ಅಮರೇಶಪ್ಪನವರು ಎದ್ದು ಪಂಚೆ ಕೊಡವಿಕೊಂಡರು. "ನಾಳೆ ಎಷ್ಟ ಗಂಟೇಕ ಹೋಗೂದು?"

ಮತ್ತೊಂದು ವರ್ಷ ಹಿಡಿಯಿತು. ಸಂಕ್ರಾಂತಿಯ ಮುಂಚಿನ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕೂತು ಸ್ಲೈಡು ಸರಿಸುತ್ತಿದ್ದ ಸುವರ್ಣಾಳ ಕಣ್ಣ ಮುಂದೆ ಹಸಿರು ಎಳೆಗಳು ಬಂದು ನಿಂತವು. ಒಂದೊಂದೂ ಬೇರೆ ಬೇರೆ, ಕೂದಲಿನಷ್ಟು ಸ್ಪಷ್ಟ. ಇನ್ನೂ ಸ್ವಲ್ಪ ಸರಿಸಿದಾಗ ಒಡೆಯುತ್ತಿದ್ದ ಒಂದು ಕೋಶ ಸಿಕ್ಕಿತು. ಕದಿರು. ಅವಳು ಉಸಿರು ಬಿಡದೆ ನೋಡಿದಳು. ಓಡಿ ಹೋಗಿ ರಾಮಕೃಷ್ಣ ಸರ್‌ರನ್ನು ಊಟದ ಮೇಜಿನಿಂದಲೇ ಎಬ್ಬಿಸಿ ತಂದಳು. ಅವರು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ನೋಡಿ, "ಬಂದಿದೆಯಮ್ಮಾ," ಎಂದರು. ಅವರ ಬೆರಳಿಗೆ ಇನ್ನೂ ಮೊಸರನ್ನ ಮೆತ್ತಿತ್ತು.

ಆ ಭಾನುವಾರ ಅಮರೇಶಪ್ಪನವರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದರು. ಅಂಬವ್ವನನ್ನೂ ಕರೆದರು. "ಪ್ರಾಣಿ ಹಿಂಸಾ ಮಾಡೂ ಜಾಗಾದಾಗ ನಾ ಕಾಲಿಡಂಗಿಲ್ಲ," ಎಂದು ಅವಳು ಅಡಿಗೆಮನೆ ಹೊಕ್ಕಳು. ಅಮರೇಶಪ್ಪನವರಿಗೆ ಮೊದಲು ಏನೂ ಕಾಣಲಿಲ್ಲ, ಅವರ ರೆಪ್ಪೆಯೇ ಅವರಿಗೆ ಕಾಣುತ್ತಿತ್ತು. ಕಣ್ಣನ್ನು ಎಷ್ಟು ದೂರ ಇಡಬೇಕೆಂದು ಸುವರ್ಣಾ ಅವರ ತಲೆ ಹಿಡಿದು ತೋರಿಸಿದಳು. ಆಮೇಲೆ ಅವರು ಅಲ್ಲಾಡಲಿಲ್ಲ. ಬಹಳ ಹೊತ್ತಾದ ಮೇಲೆ ಕೇಳಿದರು.

"ಯಾರು ಕಲಿಸಿದ್ರು ಇದಕ್ಕ?"

"ಏನನ್ನಪ್ಪಾ?"

"ಹಿಂಗ ಸಮಾ ಪಾಲು ಮಾಡೂದು."

ಹೋಗುವಾಗ ಅಮರೇಶಪ್ಪನವರು ಪೇಡೆ ಕೊಂಡು ನೇರ ಖಾಜಾ ಮಿಯಾನ ಗಲ್ಲಿಗೆ ಸ್ಕೂಟರ್ ತಿರುಗಿಸಿದರು. ಮನೆಗೆ ತಲುಪಿದ್ದು ಆಮೇಲೆ.

ಸಾವುಕಾರ್ತಿಯ ಆಂಟಿಬಾಡಿ ಐಸಿನಲ್ಲಿ ಕೂತು ಪುಣೆಗೆ, ಕೋಲ್ಕತ್ತಾಗೆ, ಬನಾರಸಿಗೆ ಹೋಯಿತು. ಕೆಲವು ವರ್ಷ ದೇಶದ ಎಷ್ಟೋ ಲ್ಯಾಬುಗಳ ಕದಿರು ಹೊಳೆದದ್ದು ಅದರಿಂದಲೇ. ಸಾವುಕಾರ್ತಿ ಮುದಿಯಾಗಿ ಒಂದು ಬೇಸಿಗೆಯಲ್ಲಿ ಸತ್ತಿತು. ಆಮೇಲೆ ಕಂಪನಿಗಳು ಬಂದವು, ಪಾರ್ಸಲ್ಲುಗಳು ಕೆಡದೆ ಬರತೊಡಗಿದವು, ಲ್ಯಾಬಿನಲ್ಲೇ ಮಾಡಿದ್ದು ಯಾರಿಗೂ ಬೇಡವಾಯಿತು. ರಾಮಕೃಷ್ಣ ಸರ್ ತೀರಿಕೊಂಡರು. ಕಸಾಯಿ ಗಲ್ಲಿಯ ಅಂಗಡಿಗಳು ಊರಾಚೆ ಹೋದವು, ಆ ಜಾಗದಲ್ಲಿ ಮೊಬೈಲ್ ರಿಪೇರಿಯ ಅಂಗಡಿಗಳು ಬಂದವು. ಸುವರ್ಣಾಗೆ ಮದುವೆಯ ಮಾತು ಇನ್ನೊಂದೆರಡು ಸಲ ಬಂದು ಹೋಯಿತು, ಮುಂದೆ ಯಾರೂ ಎತ್ತಲಿಲ್ಲ, ಅವಳೂ ಕಾಯಲಿಲ್ಲ. ಅಮರೇಶಪ್ಪನವರು ರಿಟೈರಾದ ಮೇಲೆ ಮಲ್ಕಾಜ್‌ಗಿರಿ ಸ್ಟೇಷನ್ನಿನ ಬೆಂಚಿನ ಮೇಲೆ ಹಳೆಯ ಗೆಳೆಯರೊಂದಿಗೆ ಕೂತು, ತಾವು ಕಂಡ ಹಸಿರು ಕದಿರಿನ ಮಾತನ್ನು ಎಷ್ಟು ಸಲ ಹೇಳಿದರೋ. ಅವರು ಹೋಗಿ ಈಗ ಕೆಲವು ವರ್ಷಗಳಾಗಿದ್ದವು. ಅವ್ವನನ್ನು ಎದುರು ಹಾಕಿಕೊಂಡು ಅಪ್ಪ ತನಗಾಗಿ ಸ್ಕೂಟರ್ ತೆಗೆದ ಆ ಮುಂಜಾವು ಸುವರ್ಣಾಗೆ ಮಾತ್ರ ನಿನ್ನೆಯದರಂತಿತ್ತು.

ಪಾರ್ಸಲ್ಲು ಬಂದ ಆ ವಾರದ ಶನಿವಾರ ಅಂಬವ್ವ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ತಯಾರಾದಳು. ಗೇಟಿನಲ್ಲಿ ಕಾವಲಿನವನು ಅವಳ ಫೋಟೋ ತೆಗೆದು ಚೀಟಿ ಕೊಟ್ಟಾಗ, "ಮದುವಿ ಮನ್ಯಾಗೂ ಇಷ್ಟ ನೋಡಂಗಿಲ್ಲ," ಎಂದಳು. ರಶ್ಮಿ ಓಡಿ ಬಂದು ಕೈ ಹಿಡಿದಳು. ಮೆಟ್ಟಿಲು ಬೇಡವೆಂದು ಲಿಫ್ಟಿನಲ್ಲಿ ಕರೆದೊಯ್ದಳು.

ಕತ್ತಲೆ ಕೋಣೆಯಲ್ಲಿ ಈಗ ಸೂಕ್ಷ್ಮದರ್ಶಕಕ್ಕೆ ಬಗ್ಗಬೇಕಾಗಿರಲಿಲ್ಲ. ಅಂಬವ್ವನನ್ನು ಕುರ್ಚಿಯಲ್ಲಿ ಕೂರಿಸಿ ರಶ್ಮಿ ಪರದೆಯ ಮೇಲೆ ತೋರಿಸಿದಳು. ಹಸಿರು ಬೆಳಕು ಮುದುಕಿಯ ಮುಖದ ಮೇಲೆ ಬಿತ್ತು.

"ಇದ ಏನು?"

"ಇದ ಅವ್ವಾ."

ಅಂಬವ್ವ ಮುಂದಕ್ಕೆ ಬಾಗಿದಳು. "ನಡುವ ದಪ್ಪ, ತುದೀಗೆ ಸಣ್ಣ. ಹೌದು, ಕದಿರ ಐತಿ. ನಮ್ಮ ಆಯಿ ನೂಲತಿದ್ಲು." ಸ್ವಲ್ಪ ಹೊತ್ತು ನೋಡಿ ರಶ್ಮಿಯ ಕಡೆ ತಿರುಗಿದಳು. "ಇದಕ್ಕೂ ಮಿದುಳು ತಂದ್ರೇನು?"

"ಇಲ್ರಿ ಅಜ್ಜಿ. ಈಗ ಕಂಪನ್ಯಾಗ ಕೋಶ ಬೆಳೆಸಿ, ಅದರಿಂದ ಮಾಡ್ತಾರ್ರಿ."

"ಚಲೋ ಆತು."

ರಶ್ಮಿ ಇನ್ನೊಂದು ಸ್ಲೈಡು ಹಾಕಿದಳು. ಒಡೆಯುವುದು ಹೆಚ್ಚುಕಡಿಮೆ ಮುಗಿದ ಒಂದು ಕೋಶ. ಎರಡು ದುಂಡನೆಯ ಕೋಶಗಳು ಅತ್ತ ಇತ್ತ ಸರಿದಿದ್ದವು, ನಡುವೆ ಹಸಿರಿನ ಒಂದು ಸಣ್ಣ ದಾರ ಉಳಿದಿತ್ತು.

"ಇವು ಇನ್ನೂ ಬಿಟ್ಟಿಲ್ಲಲ್ಲ?"

"ಇನ್ನೊಂದೀಟು ಹೊತ್ತಿಗೆ ಬಿಡ್ತಿದ್ವು ಅಜ್ಜಿ. ನಾವು ಬಣ್ಣ ಹಚ್ಚೂ ಸಲುವಾಗಿ ಅಲ್ಲಿಗೇ ನಿಲ್ಸೀವಿ."

ಅಂಬವ್ವ ಪರದೆಯ ಮೇಲಿನ ಆ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, ರಶ್ಮಿ ಅಲ್ಲಿದ್ದಾಳೆ ಎನ್ನುವುದನ್ನು ಮರೆತವಳಂತೆ ಮಗಳಿಗೆ ಹೇಳಿದಳು.

"ಅವತ್ತ ನಿಮ್ಮಪ್ಪಗ ನಾನ ಎಬ್ಬಿಸಿದ್ದು."

"ಯಾವತ್ತವ್ವಾ?"

"ಕಾಶಿನಾಥ ಬಂದು ಹೇಳಿ ಹೋದ ಮರುದಿನ. ನನಗ ನಿದ್ದಿ ಎಲ್ಲಿ ಬರ್ತದ? ಪಾಪ ಪುಣ್ಯ ಆಮ್ಯಾಲೆ ನೋಡೂಣ್ರಿ, ಹರೇದ ಹುಡುಗಿ ಕತ್ತಲದಾಗ ಒಬ್ಬಾಕೀನ ಆ ಗಲ್ಲೀಗೆ ಹೋಗ್ತಾಳ, ಏಳ್ರಿ ಅಂದೆ. ಬೈದಾಕಿ ನೀನ, ಈಗ ಕಳಸಾಕಿನೂ ನೀನ ಏನು ಅಂದ್ರು. ಆಕಿ ಬಿಡಂಗಿಲ್ರಿ, ನನ್ನ ಹೊಟ್ಟ್ಯಾಗಿಂದು ನನಗ ಗೊತ್ತೈತಿ ಅಂದೆ. ಮಫ್ಲರ್ ನಾನ ಸುತ್ತಿ ಕಳಿಸಿದ್ದು."

ಸುವರ್ಣಾ ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡಳು. "ಇಷ್ಟ ವರ್ಷ ಹೇಳಲೇ ಇಲ್ಲಲ್ಲವ್ವಾ?"

"ಹೇಳಿದ್ರ ನಾ ಒಪ್ಪಿದಂಗ ಆಗತಿತ್ತು. ನಾ ಒಪ್ಪಿರಲಿಲ್ಲ. ಈಗೂ ಒಪ್ಪಿಲ್ಲ."

"ಅವತ್ತ ನಾ ಬಿಟ್ಟಬಿಡಬೇಕಂತ ಮಾಡಿದ್ದೆ. ಸರ್‌ಗ ಹೇಳಾಕ ತಯಾರಾಗಿದ್ದೆ. ಅಪ್ಪ ಸ್ಕೂಟರ್ ಹಿಡಕೊಂಡು ನಿಂತಿದ್ದು ನೋಡಿ ಹೋದೆ."

ಅಂಬವ್ವ ಮಗಳನ್ನೇ ನೋಡಿದಳು. "ಹೌದೇನು?" ಎಂದವಳೇ ಸೀರೆಯ ಸೆರಗನ್ನು ಬಾಯಿಗೊತ್ತಿಕೊಂಡು ನಗಲು ಶುರು ಮಾಡಿದಳು. "ಅಯ್ಯ ಶಿವನ! ಹಂಗಾರ ಎಲ್ಲಾ ನಾನ ಮಾಡಿಟ್ಟಿದ್ದು!" ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಪೊರೆ ತೆಗೆಸಿದ ಕಣ್ಣನ್ನು ಉಜ್ಜಬಾರದೆಂದು ಡಾಕ್ಟರು ಹೇಳಿದ್ದರು. ಸುವರ್ಣಾ ಅವ್ವನ ಕೈ ಹಿಡಿದುಕೊಂಡು, ತಾನೇ ಕರವಸ್ತ್ರದಿಂದ ಹಗುರಕ್ಕೆ ಒರೆಸಿದಳು. ಅಪ್ಪನೊಬ್ಬನೇ ಇದ್ದ ಆ ಮಬ್ಬಿನ ಅಂಗಳದಲ್ಲಿ, ಅರ್ಧ ತೆರೆದ ಬಾಗಿಲ ಹಿಂದೆ ಅವ್ವನೂ ನಿಂತಿದ್ದಿರಬೇಕೆಂದು ಈಗ ಹೊಳೆಯಿತು. ಇದನ್ನು ಹೇಳಿ ನಗಲು ಅಪ್ಪ ಇರಬೇಕಿತ್ತು ಅನ್ನಿಸಿತು.

ಊಟಕ್ಕೆ ಕ್ಯಾಂಟೀನಿಗೆ ಇಳಿದರು. ಅಂಬವ್ವ ಡಬ್ಬಿ ಬಿಚ್ಚಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯನ್ನು ರಶ್ಮಿಯ ತಟ್ಟೆಗೂ ಹಾಕಿದಳು. ರಶ್ಮಿ ಊರ ಊಟ ಸಿಕ್ಕ ಖುಷಿಯಲ್ಲಿ ಮಾತಿಲ್ಲದೆ ತಿನ್ನುತ್ತಿದ್ದಳು.

"ನಿಮ್ಮವ್ವಗ ಗೊತ್ತೈತೇನು ನೀ ಇಲ್ಲಿ ಏನು ಮಾಡ್ತಿ ಅಂತ?" ಎಂದಳು ಅಂಬವ್ವ.

"ಓದಾಕತ್ತಾಳ ಅಂತ ಗೊತ್ತೈತ್ರಿ. ಯಾವಾಗ ಮುಗೀತದ, ಯಾವಾಗ ಮುಗೀತದ ಅಂತ ದಿನಾ ಕೇಳ್ತಾಳ. ಇದನ್ನೆಲ್ಲಾ ಫೋನಿನ್ಯಾಗ ಹೇಳಾಕ ಬರಂಗಿಲ್ರಿ ಅಜ್ಜಿ. ಹೇಳಿದ್ರೂ ಆಕೀಗೆ ತಿಳಿಯಂಗಿಲ್ಲ."

"ನನಗ ತಿಳೀತಲ್ಲ?" ಅಂಬವ್ವ ಕೈ ತೊಳೆದುಕೊಂಡು ಬಂದು ಕೂತಳು. "ಹಚ್ಚು ಫೋನು."

ರಶ್ಮಿ ಸುವರ್ಣಾಳ ಮುಖ ನೋಡಿದಳು. ಸುವರ್ಣಾ ಹೂಂ ಎಂದು ತಲೆಯಾಡಿಸಿದಳು. ರಾಯಚೂರಿನಲ್ಲಿ ಫೋನು ಎತ್ತಿದ ಸದ್ದಾಯಿತು. ಅಂಬವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದೂರದ ಊರಿಗೆ ಕೇಳಿಸಲೆಂದು ದನಿ ಎತ್ತಿದಳು.

"ಹಲೋ, ಸುವರ್ಣಾನ ಅವ್ವ ಮಾತಾಡಾಕತ್ತೀನ್ರಿ, ಹೈದರಾಬಾದಿನಿಂದ. ಅಂಜಬ್ಯಾಡ್ರಿ, ಎಲ್ಲಾರೂ ಆರಾಮ ಅದೀವಿ. ನಿಮ್ಮ ಹುಡುಗಿ ಮಾಡಿದ್ದು ಇವತ್ತ ನೋಡಿದೆ. ಕುಂತು ಕೇಳ್ರಿ, ಏನಂತ ಹೇಳ್ತೀನಿ..."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಸುವರ್ಣಾ ರಶ್ಮಿಯ ತಟ್ಟೆಗೆ ಮೊಸರು ತರಲು ಎದ್ದವಳು, ಅರ್ಧಕ್ಕೇ ನಿಂತು ಕೇಳತೊಡಗಿದಳು.